ಗಾರ್ಮೆಂಟ್ಸ್‌ಗೆ ಸೇರಿದ ಮೇಲೆ ನಿಂತ ಮಾಸಾಶನ

ಶೇ. 80 ಅಂಗವೈಕಲ್ಯ ಇರುವ ನಿಮ್ಮ ತಮ್ಮನಿಗೆ ಹಾಸನದ ಗಾರ್ಮೆಂಟ್ಸ್‌ಗೆ ಸೇರಿದ ಮೇಲೆ 1,400 ರೂಪಾಯಿ ಅಂಗವಿಕಲ ಮಾಸಾಶನ ಬರುತ್ತಿಲ್ಲ, ರದ್ದಾಯ್ತಾ ಅಂತ ಕೇಳಿದ್ದೀರಿ. ನಾಡಕಚೇರಿಗೆ ಓಡುವ ಮುಂಚೆ ಸಂಬಳದ ಖಾತೆಯ ಪಾಸ್‌ಬುಕ್ ಎಂಟ್ರಿ ಹಾಕಿಸಿ ನೋಡಿ. ಹೊಸ ಖಾತೆ ತೆರೆಸುವಾಗ ಆಧಾರ್ ಜೋಡಿಸಿದ್ದರೆ ಎನ್‌ಪಿಸಿಐ ಮ್ಯಾಪಿಂಗ್ (ಆಧಾರ್‌ಗೆ ಬರುವ ದುಡ್ಡು ಯಾವ ಬ್ಯಾಂಕಿಗೆ ಹೋಗಬೇಕು ಅನ್ನೋ ದಾಖಲೆ) ಅಲ್ಲಿಗೆ ಬದಲಾಗಿರಬಹುದು. ಸರ್ಕಾರದ ದುಡ್ಡು ಕೊನೆಯದಾಗಿ ಮ್ಯಾಪ್ ಆದ ಬ್ಯಾಂಕಿಗೇ ಹೋಗುತ್ತೆ. ಹಳೇ ಖಾತೆ ನೋಡ್ತಾ ಕೂತರೆ ಸೊನ್ನೆಯೇ. ಸರ್ಕಾರದಿಂದ ಖಾತೆಗೆ ನೇರವಾಗಿ ಬರುವ ದುಡ್ಡನ್ನು ತೋರಿಸುವ ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲೂ ಯಾವ ಬ್ಯಾಂಕಿಗೆ ಜಮಾ ಆಗಿದೆ ಅಂತ ಗೊತ್ತಾಗುತ್ತೆ.

ಅಲ್ಲೂ ಇಲ್ಲ ಅಂದ್ರೆ ಆದಾಯದ ಕಾರಣ ಇರಬಹುದು. ಮಿತಿ ವರ್ಷಕ್ಕೆ 32,000, ಅಂದರೆ ತಿಂಗಳಿಗೆ 2,667. ಹೆಲ್ಪರ್ ಸಂಬಳವೂ ಇದನ್ನು ದಾಟುತ್ತೆ. ಸುಳ್ಳು ಆದಾಯ ಪತ್ರ ಮಾತ್ರ ಮಾಡಿಸಬೇಡಿ. ರದ್ದು ಆದೇಶದ ಪ್ರತಿಯನ್ನು ತಾಲ್ಲೂಕು ಕಚೇರಿಯಲ್ಲಿ ಬರೆದುಕೊಟ್ಟು ಕೇಳಿ, ಸ್ವೀಕೃತಿ ತಗೊಳ್ಳಿ; ಮುಂದೆ ಕೆಲಸ ಹೋಗಿ ಹೊಸ ಅರ್ಜಿ ಹಾಕುವಾಗ ಉಪಯೋಗಕ್ಕೆ ಬರುತ್ತೆ.

ಮಾಸಾಶನ ನಿಂತರೂ ಯುಡಿಐಡಿ ಕಾರ್ಡ್‌ಗೆ (ಅಂಗವಿಕಲರ ಗುರುತಿನ ಚೀಟಿ) ಆದಾಯ ಮಿತಿ ಇಲ್ಲ. ಅದರ ಜೆರಾಕ್ಸ್ ಎಚ್‌ಆರ್‌ಗೆ ಕೊಡಿ: ಇಎಸ್‌ಐಗೆ (ಕಾರ್ಮಿಕರ ವಿಮೆ) ತಿಂಗಳ ಸಂಬಳ ಮಿತಿ ಉಳಿದವರಿಗೆ 21,000, ಅಂಗವಿಕಲರಿಗೆ 25,000.