ಮಿಂಟ್ ಹಾಕಿದ ಮೇಲೆ ವೈಫೈ ಕಾಣದಿದ್ದರೆ

ನಮಸ್ಕಾರ. ಹಳೇ ಲ್ಯಾಪ್‌ಟಾಪಿಗೆ ವಿಂಡೋಸ್ ಬದಲಿಗೆ ಬಳಸುವ ಲಿನಕ್ಸ್ ಮಿಂಟ್ ಅನ್ನುವ ಆಪರೇಟಿಂಗ್ ಸಿಸ್ಟಮ್ ಹಾಕಿದ್ದೀರಿ, ವೈಫೈ ಪಟ್ಟಿಯೇ ಬರುತ್ತಿಲ್ಲ, ಸಕಲೇಶಪುರದ ತೋಟದ ಮನೆಗೆ ಕೇಬಲ್ ಇಂಟರ್‌ನೆಟ್ ಕೂಡ ಇಲ್ಲ, ಡ್ರೈವರ್ (ವೈಫೈ ಚಿಪ್ಪನ್ನು ನಡೆಸುವ ತಂತ್ರಾಂಶ) ಎಲ್ಲಿ ಸಿಗುತ್ತದೆ ಅಂತ ಕೇಳಿದ್ದೀರಿ. ಲ್ಯಾಪ್‌ಟಾಪ್ ಕಂಪನಿಯ ಜಾಲತಾಣದಲ್ಲಿ ಸುಮ್ನೆ ಹುಡುಕಬೇಡಿ. ಅಲ್ಲಿ ಹೆಚ್ಚಾಗಿ ಇರುವುದು ವಿಂಡೋಸಿನದು.

ನಿಮಗೆ ಬೇಕಾದದ್ದು ಲ್ಯಾಪ್‌ಟಾಪಿನ ಮಾಡೆಲ್ ಅಲ್ಲ, ಒಳಗಿರುವ ವೈಫೈ ಚಿಪ್ಪಿನ ಹೆಸರು. ಟರ್ಮಿನಲ್ (ಆದೇಶ ಟೈಪ್ ಮಾಡುವ ಕಿಟಕಿ) ತೆರೆದು ಎಲ್‌ಎಸ್‌ಪಿಸಿಐ ಅಂತ ಇಂಗ್ಲಿಷಿನ ಸಣ್ಣಕ್ಷರದಲ್ಲಿ, ನಡುವೆ ಜಾಗ ಬಿಡದೆ ಹೊಡೆಯಿರಿ. ನೆಟ್‌ವರ್ಕ್ ಕಂಟ್ರೋಲರ್ ಅನ್ನುವ ಸಾಲು ನೋಡಿ. ಇಂಟೆಲ್ ಆದರೆ ಡ್ರೈವರ್ ಸಾಮಾನ್ಯವಾಗಿ ಕರ್ನಲ್, ಅಂದರೆ ಲಿನಕ್ಸಿನ ತಿರುಳು, ಅದರ ಜೊತೆಗೇ ಬಂದಿರುತ್ತದೆ. ಬ್ರಾಡ್‌ಕಾಮ್ ಬಿಸಿಎಂ43142 ಅಂತ ಇದ್ದರೆ ತೊಂದರೆ ಅದೇ. ಅದರ ಡ್ರೈವರ್ ಮುಕ್ತ ತಂತ್ರಾಂಶವಲ್ಲ, ನಾವೇ ಬೇರೆ ಹಾಕಿಕೊಳ್ಳಬೇಕು.

ಮಿಂಟ್ ಹಾಕಿದ ಪೆನ್‌ಡ್ರೈವ್ ಇನ್ನೂ ಅಳಿಸಿಲ್ಲ ಅಲ್ವಾ? ಅದನ್ನು ಚುಚ್ಚಿ ಮಿಂಟಿನಲ್ಲೇ ಇರುವ ಡ್ರೈವರ್ ಮ್ಯಾನೇಜರ್ ತೆರೆಯಿರಿ. ನೆಟ್ ಇಲ್ಲ ಅಂದಾಗ ಪೆನ್‌ಡ್ರೈವನ್ನೇ ಮೌಂಟ್ ಮಾಡುವ (ಅದರ ಒಳಗಿನ ಫೈಲುಗಳನ್ನು ಬಳಸಲು ಜೋಡಿಸುವ) ಆಯ್ಕೆ ಕೊಡುತ್ತದೆ, ಬ್ರಾಡ್‌ಕಾಮ್ ಡ್ರೈವರ್ ಅದರಿಂದಲೇ ಸಿಗುತ್ತದೆ. ಆಗದಿದ್ದರೆ ಆಂಡ್ರಾಯ್ಡ್ ಫೋನನ್ನು ಡೇಟಾ ಕೇಬಲ್ಲಿನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ (ಫೋನಿನ ಇಂಟರ್‌ನೆಟ್ ಹಂಚಿಕೊಳ್ಳುವುದು) ಆನ್ ಮಾಡಿ. ಲ್ಯಾಪ್‌ಟಾಪಿಗೆ ಅದು ತಂತಿ ಸಂಪರ್ಕದ ಹಾಗೇ ಕಾಣುತ್ತದೆ. ತೋಟದಲ್ಲಿ ಸಿಗ್ನಲ್ ಕಮ್ಮಿ ಇದ್ದರೆ ಪೇಟೆಗೆ ಬಂದಾಗ ಮಾಡಿಕೊಳ್ಳಿ.

ಒಂದು ವಿಷಯದಲ್ಲಿ ಜಾಸ್ತಿ ಜನ ಸಿಕ್ಕಿಹಾಕಿಕೊಳ್ಳುತ್ತಾರೆ. ಸೆಕ್ಯೂರ್ ಬೂಟ್ (ಸಹಿ ಇಲ್ಲದ ತಂತ್ರಾಂಶ ಓಡದಂತೆ ತಡೆಯುವ ಲ್ಯಾಪ್‌ಟಾಪಿನ ಭದ್ರತೆ) ಆನ್ ಇದ್ದರೆ ಡ್ರೈವರ್ ಹಾಕುವಾಗ ಹೊಸದಾಗಿ ಒಂದು ಪಾಸ್‌ವರ್ಡ್ ಇಡಲು ಕೇಳುತ್ತದೆ. ಬರೆದಿಟ್ಟುಕೊಳ್ಳಿ. ರೀಸ್ಟಾರ್ಟ್ ಆದಾಗ ನೀಲಿ ಪರದೆ ಬರುತ್ತದೆ, ಗಾಬರಿ ಬೇಡ. ಎನ್‌ರೋಲ್ ಮೋಕ್ (Enroll MOK, ಡ್ರೈವರಿನ ಸಹಿಯನ್ನು ಒಪ್ಪಿಕೊಳ್ಳುವ ಆಯ್ಕೆ) ಆರಿಸಿ ಅದೇ ಪಾಸ್‌ವರ್ಡ್ ಕೊಡಿ. ಅದನ್ನು ದಾಟಿ ಮುಂದೆ ಹೋದರೆ ಡ್ರೈವರ್ ಇದ್ದೂ ಓಡುವುದಿಲ್ಲ.

ಚಿಪ್ ಬೇರೆ ಬಂದರೆ ಆ ಸಾಲನ್ನು ಪೂರ್ತಿ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.