ತಪ್ಪು ಮಾಡಲು ಒಂದು ಭಾಷೆ

ಪದವಿ ಫಲಿತಾಂಶ ಬಂದ ಮೇಲೆ ಪ್ರತಿ ವರ್ಷವೂ ಮುಂಬಯಿ ಬಳಿಯ ಡೊಂಬಿವಲಿಯಲ್ಲಿ ನಾನು ಓದಿನ ಬಗ್ಗೆ ಸಲಹೆ ಕೊಡುವ ಕೊಠಡಿಗೆ ಪತ್ರಿಕೋದ್ಯಮ ಓದಬೇಕೆನ್ನುವ ಮಕ್ಕಳು ತಂದೆತಾಯಿಯರೊಂದಿಗೆ ಬರುತ್ತಾರೆ. ಅವರ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಎಲ್ಲಿ ಸೇರಬೇಕು? ಇಲ್ಲಿ ಬರೆಯುತ್ತಿರುವ ಪ್ರಕರಣವೂ ಅದೇ ಪ್ರಶ್ನೆಯಿಂದ ಮೊದಲಾಯಿತು. ಆದರೆ ನಾನು ಕೊಟ್ಟ ಸಲಹೆ ಕನ್ನಡದವಳಾದ ನನಗೇ ಭಾರವಾಯಿತೆಂಬ ಕಾರಣಕ್ಕೆ, ಮನೆಯವರ ಒಪ್ಪಿಗೆ ಪಡೆದು, ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ.

ಹುಡುಗಿಗೆ ಇಪ್ಪತ್ತೊಂದು ವರ್ಷ. ತಂದೆ ಕರಾವಳಿಯಿಂದ ಬಾಲಕನಾಗಿ ಮುಂಬಯಿಗೆ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಕನ್ನಡ ಶಾಲೆಯಲ್ಲಿ ಹತ್ತನೆಯ ತರಗತಿ ಮುಗಿಸಿದವರು. ಈಗ ಒಂದು ಹೋಟೆಲಿನ ಗಲ್ಲಾದಲ್ಲಿ ಕೂರುತ್ತಾರೆ. ಮಗಳಿಗೆ ಮೂರು ಕಡೆ ಪ್ರವೇಶ ಸಿಗುವಂತಿತ್ತು: ಪುಣೆಯ ಒಂದು ಖಾಸಗಿ ಸಂಸ್ಥೆ, ರಾನಡೆ ಇನ್‌ಸ್ಟಿಟ್ಯೂಟ್ ಎಂದೇ ಎಲ್ಲರೂ ಕರೆಯುವ ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾಲಯದ ಪತ್ರಿಕೋದ್ಯಮ ವಿಭಾಗ, ಮತ್ತು ಮೈಸೂರಿನ ಮಾನಸಗಂಗೋತ್ರಿ. ಮಗಳ ಮನಸ್ಸು ಮೊದಲನೆಯದರ ಸ್ಟುಡಿಯೊ ನೋಡಿ ಅರಳಿತ್ತು. ತಂದೆಯ ಮನಸ್ಸು ಮೈಸೂರಿನಲ್ಲಿತ್ತು.

ಹಣದ ಮಾತು ಬೇಗ ಮುಗಿಯಿತು. ಖಾಸಗಿ ಸಂಸ್ಥೆಗೆ ಹಾಸ್ಟೆಲ್ ಸೇರಿ ಹತ್ತು ಲಕ್ಷ ಸಾಲ ಬೇಕಿತ್ತು. ಏಳೂವರೆ ಲಕ್ಷ ದಾಟಿದರೆ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿಯ ಅಡಮಾನ ಕೇಳುತ್ತವೆ, ಅಂದರೆ ಊರಿನ ಆಸ್ತಿಯ ಪತ್ರ ಹೊರಗೆ ಬರಬೇಕು. ಶೇಕಡಾ 10.5ರ ಬಡ್ಡಿಯಲ್ಲಿ ಏಳು ವರ್ಷದ ಕಂತು ಲೆಕ್ಕ ಹಾಕಿದಾಗ, ಓದುವ ಅವಧಿಯ ಬಡ್ಡಿಯನ್ನು ಬಿಟ್ಟರೂ, ತಿಂಗಳಿಗೆ ಸುಮಾರು 17,000 ರೂಪಾಯಿ ಬಂತು. ಹೊಸದಾಗಿ ವರದಿಗಾರ್ತಿಯಾದವಳು ಬಾಡಿಗೆ, ಊಟ ಕಳೆದು ಇಷ್ಟನ್ನು ತೀರಿಸಲು ಹೋದರೆ ಎರಡನೆಯ ವರ್ಷವೇ ಸುದ್ದಿಯ ಕೆಲಸ ಬಿಟ್ಟು ಜಾಹೀರಾತಿಗೋ ಪ್ರಚಾರ ಸಂಸ್ಥೆಗೋ ಸೇರಬೇಕಾದೀತು. ಸಾಲ ಮಾಡಿ ಕಲಿತ ವೃತ್ತಿಯನ್ನು ಆ ಸಾಲದ ಕಾರಣಕ್ಕೇ ತೊರೆದವರನ್ನು ನಾನು ಕಂಡಿದ್ದೇನೆ. ಆದ್ದರಿಂದ ಈ ವಿಷಯದಲ್ಲಿ ನಾನು ಗಟ್ಟಿಯಾಗಿಯೇ ಮಾತಾಡುತ್ತೇನೆ.

ಉಳಿದದ್ದು ಮೈಸೂರು ಮತ್ತು ಪುಣೆ. ಎರಡನೆಯ ಭೇಟಿಯಲ್ಲಿ ತಂದೆಯನ್ನು ಹೊರಗೆ ಕೂರಿಸಿ ಅವಳನ್ನು ಕೇಳಿದೆ: “ನೀನು ಯಾವ ಭಾಷೆಯಲ್ಲಿ ಬರೆಯಬೇಕೆಂದಿದ್ದೀಯ?” ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು: “ಮೇಡಂ, ಮನೆಯಲ್ಲಿ ತುಳು, ಸಂಘದಲ್ಲಿ ಕನ್ನಡ, ಬಿಲ್ಡಿಂಗಿನಲ್ಲಿ ಮರಾಠಿ, ಟ್ರೇನಿನಲ್ಲಿ ಹಿಂದಿ, ಕಾಲೇಜಿನಲ್ಲಿ ಇಂಗ್ಲಿಷ್. ಎಲ್ಲವೂ ಬರುತ್ತದೆ ಅಂತ ಎಲ್ಲರೂ ಹೊಗಳುತ್ತಾರೆ. ಆದರೆ ಧೈರ್ಯವಾಗಿ ತಪ್ಪು ಮಾಡಲು ನನಗೆ ಒಂದು ಭಾಷೆಯೂ ಇಲ್ಲ.”

ಮುಂಬಯಿಯ ನಮ್ಮ ಮಕ್ಕಳ ಬಗ್ಗೆ ಇಷ್ಟು ಸತ್ಯವಾದ ಮಾತನ್ನು ನಾನು ಕೇಳಿರಲಿಲ್ಲ. ಐದು ಭಾಷೆ ಬಲ್ಲ ಮಗುವನ್ನು ವೇದಿಕೆಗೆ ಹತ್ತಿಸಿ ಶಾಲು ಹೊದಿಸುವ ನಾವು, ಆ ಮಗು ಕೋಪ ಬಂದಾಗ, ಅವಸರದಲ್ಲಿದ್ದಾಗ, ಯಾರೂ ತಿದ್ದಲಾರರೆಂಬ ನೆಮ್ಮದಿಯಲ್ಲಿ ಬರೆಯುವುದು ಯಾವುದರಲ್ಲಿ ಎಂದು ಕೇಳುವುದೇ ಇಲ್ಲ.

ಆ ದಿನ ಯಾವ ಸಲಹೆಯನ್ನೂ ಕೊಡದೆ ಒಂದು ಕೆಲಸ ಕೊಟ್ಟೆ. ಅವಳ ಬಿಲ್ಡಿಂಗಿಗೆ ನೀರಿನ ಟ್ಯಾಂಕರ್ ಬರುತ್ತಿತ್ತು. ಅದರ ಬಗ್ಗೆ ಜನರನ್ನು ಮಾತಾಡಿಸಿ ಮುನ್ನೂರು ಪದಗಳ ವರದಿಯನ್ನು ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲೂ ಬರೆದು ತರಲು ಹೇಳಿದೆ. ವಾರದ ನಂತರ ಮೂರನ್ನೂ ಮೇಜಿನ ಮೇಲೆ ಹರಡಿಕೊಂಡು ಓದಿದೆವು. ಇಂಗ್ಲಿಷಿನದು ತಪ್ಪಿಲ್ಲದೆ ತಣ್ಣಗಿತ್ತು. ಕನ್ನಡದಲ್ಲಿ “ನಿವಾಸಿಗಳು ತೀವ್ರ ಅಸಮಾಧಾನ ವ್ಯಕ್ತಪಡಿಸಿದರು” ಎಂದಿತ್ತು. ಆ ನಿವಾಸಿಗಳು ಯಾರೆಂದು ತಿಳಿಯಲಿಲ್ಲ. ಮರಾಠಿಯಲ್ಲಿ ಮಾತ್ರ ಮೂರನೆಯ ಮಹಡಿಯ ಅಜ್ಜಿಯೊಬ್ಬರು ಬಂದಿದ್ದರು, ಮೊಮ್ಮಗನ ಸ್ನಾನದ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಅದರಲ್ಲೇ ನೆಲ ಒರೆಸುತ್ತೇನೆ ಎಂದು ತಮ್ಮ ಮಾತಿನಲ್ಲೇ ಹೇಳಿದ್ದರು. ವ್ಯಾಕರಣ ಅಲ್ಲಲ್ಲಿ ಎಡವಿತ್ತು. “ಇದನ್ನು ಬರೆಯುವಾಗ ಡಿಕ್ಷನರಿ ತೆಗೆಯಲೇ ಇಲ್ಲ ಮೇಡಂ” ಎಂದಳು.

ಪುಣೆಯ ವಿಶ್ವವಿದ್ಯಾಲಯಕ್ಕೆ ಸೇರಲು ಹೇಳಿದೆ. 1964ರಿಂದ ನಡೆಯುತ್ತಿರುವ ವಿಭಾಗವೆಂಬ ಹೆಸರಿಗಿಂತ, ಮರಾಠಿ ಪತ್ರಿಕೆಗಳಾದ 1881ರ ‘ಕೇಸರಿ’ ಮತ್ತು 1932ರ ‘ಸಕಾಳ’ ಹುಟ್ಟಿದ ಊರು ಅದು ಎಂಬುದು ನನಗೆ ಮುಖ್ಯವಾಗಿತ್ತು. ತರಗತಿ ಬಿಟ್ಟು ಹೊರಗೆ ಕಾಲಿಟ್ಟರೆ ಅವಳಿಗೆ ಮಾತು ಬಿಚ್ಚುವ ಜನ ಸಿಗುತ್ತಾರೆ. ಪತ್ರಿಕೋದ್ಯಮವನ್ನು ಕಲಿಸುವುದು ಅರ್ಧ ಅಧ್ಯಾಪಕರಾದರೆ ಇನ್ನರ್ಧ ಸುತ್ತಲ ಊರು. ಆದರೂ ಹಣ ಕಟ್ಟುವ ಮೊದಲು ಒಮ್ಮೆ ಹೋಗಿ ಬರಲು ಹೇಳಿದೆ: ವಿದ್ಯಾರ್ಥಿಗಳೇ ಹೊರತರುವ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ಕೇಳಿ ನೋಡು, ಬರೆದು ಕೊಟ್ಟ ವರದಿ ತಿದ್ದಿ ವಾಪಸ್ ಬರುತ್ತದೆಯೇ ಎಂದು ಎರಡನೆಯ ವರ್ಷದವರನ್ನು ವಿಚಾರಿಸು. ಇದನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಕ್ಯಾಮೆರಾ ಎಷ್ಟಿವೆಯೆಂದು ಎಣಿಸುವವರು ಕೆಂಪು ಶಾಯಿ ಎಷ್ಟು ಖರ್ಚಾಗುತ್ತದೆಂದು ಕೇಳುವುದಿಲ್ಲ.

ತಂದೆಗೆ ನೋವಾಯಿತು. “ಮೇಡಂ, ಕನ್ನಡದ ಮೊದಲ ಪತ್ರಿಕೆ ಬಂದದ್ದು ನಮ್ಮ ಮಂಗಳೂರಿನಲ್ಲಿ, 1843ರಲ್ಲಿ. ಮೈಸೂರಿನಲ್ಲಿ 1951ರಿಂದ ಪತ್ರಿಕೋದ್ಯಮ ಕಲಿಸುತ್ತಿದ್ದಾರೆ. ನೀವೇ ಕನ್ನಡ ಬೇಡ ಅಂದರೆ ಹೇಗೆ?” ಎಂದರು. ರಾತ್ರಿ ಶಾಲೆಯಲ್ಲಿ ನಿದ್ದೆಗಣ್ಣಿನಲ್ಲಿ ಕಲಿತ ಅಕ್ಷರದ ಮೇಲಿನ ಪ್ರೀತಿ ಆ ಮಾತಿನಲ್ಲಿತ್ತು. ಮೈಸೂರು ಕಡಿಮೆಯೆಂದು ನಾನು ಹೇಳಲಿಲ್ಲ, ಈಗಲೂ ಹೇಳುವುದಿಲ್ಲ. ಕನ್ನಡದ ಪರಿಸರದಲ್ಲಿ ಬೆಳೆದ ಮಗುವಾಗಿದ್ದರೆ ಅಲ್ಲಿಗೇ ಕಳಿಸುತ್ತಿದ್ದೆ. ಆದರೆ ಭಾಷೆಯ ಮೇಲಿನ ನಮ್ಮ ಹಂಬಲವನ್ನು ಇಪ್ಪತ್ತೊಂದರ ಹುಡುಗಿಯ ವೃತ್ತಿಯ ಮೇಲೆ ಹೊರಿಸಿದರೆ ಅವಳು ಕನ್ನಡವನ್ನು ಹೊರೆಯೆಂದೇ ನೆನೆಯುತ್ತಾಳೆ ಎಂಬ ಭಯ ನನ್ನದು. ಇದೇ ಮುಂಬಯಿಯಲ್ಲಿ 1832ರಲ್ಲಿ ಬಾಳಶಾಸ್ತ್ರಿ ಜಾಂಭೇಕರರು ‘ದರ್ಪಣ’ ಪತ್ರಿಕೆಯನ್ನು ಮರಾಠಿ, ಇಂಗ್ಲಿಷ್ ಎರಡು ಭಾಷೆಗಳಲ್ಲಿ ಅಕ್ಕಪಕ್ಕದ ಅಂಕಣಗಳಾಗಿ ಹೊರತಂದದ್ದನ್ನು ಅವರಿಗೆ ನೆನಪಿಸಿದೆ. ಒಂದು ಅಂಕಣ ಮರಾಠಿಯದಾದರೆ ಪಕ್ಕದ್ದು ಕನ್ನಡದ್ದಾಗಬಹುದಲ್ಲ ಎಂದೆ.

“ಆ ಅಂಕಣವನ್ನು ತಿದ್ದುವವರು ಯಾರು?” ಎಂದರು.

“ನೀವು” ಎಂದೆ. “ತಿಂಗಳಿಗೊಂದು ಪುಟ ಅವಳು ಕನ್ನಡದಲ್ಲಿ ಬರೆದು ಕಳಿಸಲಿ.”

“ನಾನು ಗಲ್ಲಾದವನು, ಮೇಡಂ.”

ಹಾಗೆಂದವರು ಎದ್ದು ಬಾಗಿಲ ತನಕ ಹೋಗಿ ನಿಂತರು. ಮೇಜಿನ ಮೇಲಿದ್ದ ಕನ್ನಡದ ವರದಿಯನ್ನು ಕೊಡಬಹುದೇ ಎಂದು ಕೇಳಿ, ನಾಲ್ಕಾಗಿ ಮಡಚಿ ಅಂಗಿಯ ಜೇಬಿಗಿಟ್ಟುಕೊಂಡು ಮಗಳೊಂದಿಗೆ ಸ್ಟೇಷನ್ನಿನ ಕಡೆ ನಡೆದರು.