ಊರಿನ ದೂರು, ಸಮಿತಿಯ ನಡಾವಳಿ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಚರಂಡಿ, ಬೆಂಕಿ, ಬೀದಿನಾಯಿ, ಮರ ಇವುಗಳ ಸುತ್ತಲೇ ಇವೆ. ಪತ್ರ ಬರೆದವರಲ್ಲಿ ಹಲವರು ಊರಿನ ಹೆಸರನ್ನು ಅಚ್ಚು ಹಾಕುವುದು ಬೇಡವೆಂದು ಕೋರಿದ್ದಾರೆ. ಅವರ ಮಾತಿಗೆ ಬೆಲೆ ಕೊಟ್ಟಿದ್ದೇನೆ. ನಗರ ಸಂಸ್ಥೆಯೊಂದರ ಕೌನ್ಸಿಲ್ ಶಾಖೆಯಲ್ಲಿ ಬಹಳ ವರ್ಷ ನಡಾವಳಿ (ಸಭೆಯ ಚರ್ಚೆ, ತೀರ್ಮಾನಗಳ ದಾಖಲೆ) ಬರೆದವನಾದ್ದರಿಂದ ಉತ್ತರಗಳಲ್ಲಿ ಕಚೇರಿಯ ಭಾಷೆ ಅಲ್ಲಲ್ಲಿ ಇಣುಕಿದರೆ ಓದುಗರು ಮನ್ನಿಸಬೇಕು.

ಪ್ರಶ್ನೆ: ನಮ್ಮ ಮನೆಗಳ ಹಿಂದೆ ಹರಿಯುವ ರಾಜಕಾಲುವೆ ಜೋರು ಮಳೆ ಬಂದಾಗಲೆಲ್ಲ ಉಕ್ಕಿ ಅಂಗಳಕ್ಕೆ ನುಗ್ಗುತ್ತದೆ. ಜೊತೆಗೆ ಯುಜಿಡಿ (ಒಳಚರಂಡಿ) ಚೇಂಬರಿನ ನೀರೂ ಸೇರಿ, ಎಲ್ಲವೂ ಕೊನೆಗೆ ಹೊಳೆಗೆ ಹೋಗುತ್ತದೆ. ವಾರ್ಡಿನ ಸದಸ್ಯರನ್ನು ಕಂಡಾಗ "ಸ್ಥಾಯಿ ಸಮಿತಿಯ ಮುಂದೆ ಇಡಿಸುತ್ತೇನೆ, ಅರ್ಜಿ ಕೊಡಿ" ಎಂದರು. ಈ ಸಮಿತಿಗೆ ನಿಜವಾಗಿ ಯಾವ ಅಧಿಕಾರವಿದೆ? ಅರ್ಜಿಯಲ್ಲಿ ಏನು ಬರೆಯಬೇಕು?
ಗೃಹಿಣಿ, ಮಲೆನಾಡಿನ ಒಂದು ನಗರ

ಉತ್ತರ: 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆಯಂತೆ ಶಿವಮೊಗ್ಗದಂಥ ಪಾಲಿಕೆಯಲ್ಲಿ ನಾಲ್ಕು ಸ್ಥಾಯಿ ಸಮಿತಿಗಳು, ಅಂದರೆ ಒಂದೊಂದು ಬಗೆಯ ವಿಷಯವನ್ನು ನೋಡಿಕೊಳ್ಳುವ ಪಾಲಿಕೆ ಸದಸ್ಯರ ಸಮಿತಿಗಳು ಇರುತ್ತವೆ: ತೆರಿಗೆ, ಹಣಕಾಸು ಮತ್ತು ಅಪೀಲುಗಳದು ಒಂದು, ಸಾರ್ವಜನಿಕ ಆರೋಗ್ಯ, ಶಿಕ್ಷಣ ಮತ್ತು ಸಾಮಾಜಿಕ ನ್ಯಾಯದ್ದು ಇನ್ನೊಂದು, ನಗರ ಯೋಜನೆ ಮತ್ತು ಅಭಿವೃದ್ಧಿಯದು ಮೂರನೆಯದು, ಲೆಕ್ಕಪತ್ರದ್ದು ನಾಲ್ಕನೆಯದು. ಇವುಗಳಲ್ಲಿ "ಪರಿಸರ ಸಮಿತಿ" ಎಂಬುದಾಗಲಿ "ಸುರಕ್ಷತಾ ಸಮಿತಿ" ಎಂಬುದಾಗಲಿ ಇಲ್ಲದಿರುವುದನ್ನು ನೀವು ಗಮನಿಸಿರಬಹುದು. ಆದ್ದರಿಂದ ಪರಿಸರ ಮತ್ತು ಸುರಕ್ಷತೆಗೆ ಸೇರಿದ ವಿಷಯಗಳು ಒಡೆದು ಹಂಚಿಹೋಗುತ್ತವೆ, ನಿಮ್ಮ ರಾಜಕಾಲುವೆಯೂ ಹಾಗೆಯೇ. ಅದರ ಹೂಳೆತ್ತುವುದು, ಕಸ ತೆಗೆಯುವುದು, ಸೊಳ್ಳೆಗೆ ಔಷಧಿ ಹೊಡೆಯುವುದು ಆರೋಗ್ಯ ಸಮಿತಿಯ ಮುಂದೆ ಬರುವ ಸಂಗತಿ. ತಡೆಗೋಡೆ ಕಟ್ಟುವುದು, ಮೋರಿ ಅಗಲ ಮಾಡುವುದು, ಒತ್ತುವರಿ ಗುರುತಿಸುವುದು ನಗರ ಯೋಜನೆ ಮತ್ತು ಅಭಿವೃದ್ಧಿ ಸಮಿತಿಯ ಸಂಗತಿ. ಅದಕ್ಕೆ ಹಣ ಎಲ್ಲಿಂದ ಎಂಬುದು ಹಣಕಾಸು ಸಮಿತಿಯ ಸಂಗತಿ. ಒಂದೇ ಅರ್ಜಿಯಲ್ಲಿ ಮೂರನ್ನೂ ಕಲಸಿ ಬರೆದರೆ ಅದು ಶಾಖೆಯಿಂದ ಶಾಖೆಗೆ "ಅಭಿಪ್ರಾಯಕ್ಕಾಗಿ" ಅಲೆಯುತ್ತದೆ. ಎರಡು ಪ್ರತ್ಯೇಕ ಅರ್ಜಿ ಕೊಡಿ, ಒಂದು ಹೂಳಿನ ಬಗ್ಗೆ, ಇನ್ನೊಂದು ಕಟ್ಟಡ ಕಾಮಗಾರಿಯ ಬಗ್ಗೆ. ಎರಡಕ್ಕೂ ಟಪಾಲು ಶಾಖೆಯ ಮೊಹರು ಹಾಕಿಸಿಕೊಂಡು ಸ್ವೀಕೃತಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ.

ಅಧಿಕಾರದ ವಿಷಯದಲ್ಲಿ ಜನರಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಸಮಿತಿ ತಾನೇ ಗುದ್ದಲಿ ಹಿಡಿಸುವುದಿಲ್ಲ. ಅದು ವಿಷಯವನ್ನು ಪರಿಶೀಲಿಸಿ, ಅಧಿಕಾರಿಗಳಿಂದ ವರದಿ ಕೇಳಿ, ಬೇಕೆನಿಸಿದರೆ ಸ್ಥಳಕ್ಕೆ ಹೋಗಿ ನೋಡಿ, ನಿರ್ಣಯವನ್ನು ನಡಾವಳಿಯಲ್ಲಿ ದಾಖಲಿಸುತ್ತದೆ. ಅನುಷ್ಠಾನ ಆಯುಕ್ತರ ಮತ್ತು ಅವರ ಕೈಕೆಳಗಿನ ಎಂಜಿನಿಯರುಗಳದು. ಹಾಗೆಂದು ಸಮಿತಿಯನ್ನು ಹಗುರವಾಗಿ ಕಾಣಬೇಕಾಗಿಲ್ಲ. ಬಾಯಿಮಾತಿನ ದೂರಿಗೆ ಬಾಯಿಮಾತಿನ ಭರವಸೆಯಷ್ಟೇ ಸಿಗುತ್ತದೆ, ನಡಾವಳಿಗೆ ಬಿದ್ದ ವಿಷಯಕ್ಕಾದರೆ ಮುಂದಿನ ಸಭೆಯಲ್ಲಿ ಅನುಪಾಲನಾ ವರದಿ (ನಿರ್ಣಯದ ಮೇಲೆ ಏನು ಕ್ರಮವಾಯಿತು ಎಂಬ ವರದಿ) ಕೊಡಲೇಬೇಕಾಗುತ್ತದೆ. ಸಮಿತಿಯ ಶಕ್ತಿಯೆಲ್ಲ ಈ ಒಂದು ಹಗ್ಗದಲ್ಲಿದೆ ಎಂಬುದು ನನ್ನ ಅನುಭವ.

ಇನ್ನು ಅರ್ಜಿಯಲ್ಲಿ ಏನಿರಬೇಕು ಎಂಬುದು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಬೇರೊಂದು ಊರಿನಲ್ಲಿ, ನಿವೃತ್ತ ಶಿಕ್ಷಕಿಯೊಬ್ಬರು ಇಂಥದೇ ಕಾಲುವೆಯ ಬಗ್ಗೆ ದೂರು ತಂದಿದ್ದರು. ಅರ್ಜಿ ಒಂದೇ ಪುಟದ್ದಾಗಿತ್ತು. ಆದರೆ ಅದಕ್ಕೆ ಅಂಟಿಸಿದ್ದ ಫೋಟೋದಲ್ಲಿ ಅವರ ಮನೆಯ ಕಾಂಪೌಂಡ್ ಗೋಡೆ ಇತ್ತು, ಗೋಡೆಯ ಮೇಲೆ ಕೆಂಪು ಪೇಂಟಿನ ಐದು ಗೆರೆಗಳಿದ್ದವು, ಒಂದೊಂದು ಗೆರೆಯ ಪಕ್ಕದಲ್ಲಿ ನೀರು ಅಲ್ಲಿಯವರೆಗೆ ಏರಿದ ದಿನಾಂಕ ಇತ್ತು. ಸಮಿತಿಯ ಸದಸ್ಯರು ಸ್ಥಳ ಪರಿಶೀಲನೆಗೆ ಹೋದಾಗ ಕಿರಿಯ ಎಂಜಿನಿಯರ್ ಆ ಗೋಡೆಗೆ ಟೇಪು ಹಿಡಿದರು. ಹಳೆಯ ಎರಡು ಗೆರೆಗಳು ಮೊಣಕಾಲಿಗೂ ಕೆಳಗಿದ್ದವು, ಉಳಿದ ಮೂರು ಸೊಂಟದ ಹತ್ತಿರ. ನಡುವೆ ಏನಾಯಿತು ಎಂದು ಕೇಳಿದಾಗ ಆಕೆ ಮಾತಾಡದೆ ಕೆಳಗಿನ ರಸ್ತೆಯ ಮೋರಿಯತ್ತ ಕೈ ತೋರಿಸಿದರು: ರಸ್ತೆ ಎತ್ತರಿಸುವಾಗ ಹಳೆಯ ಕಲ್ಲಿನ ಮೋರಿ ತೆಗೆದು ಎರಡು ಸಿಮೆಂಟ್ ಪೈಪು ಹಾಕಿದ್ದರು. ಆ ದಿನದ ನಡಾವಳಿಯನ್ನು ಬರೆದದ್ದು ನಾನೇ. "ಮೋರಿಯ ಬಾಯಿ ಸಾಲದಾಗಿದೆ" ಎಂಬ ಒಂದು ವಾಕ್ಯಕ್ಕೆ ಆ ಗೋಡೆಯೇ ಆಧಾರವಾಗಿತ್ತು.

ಕೋರ್ಪಲಯ್ಯನ ಛತ್ರದ ಬಳಿಯ ಮಂಟಪ ಮುಳುಗಿತೇ ಎಂದು ನೋಡಿ ತುಂಗೆಯ ಏರಿಕೆಯನ್ನು ಅಂದಾಜು ಮಾಡುವ ಶಿವಮೊಗ್ಗದವರಿಗೆ ಈ ಬಗೆಯ ಅಳತೆ ಹೊಸದೇನಲ್ಲ. 2019ರ ಆಗಸ್ಟ್‌ನಲ್ಲಿ ನದಿ ದಂಡೆಯ ತಗ್ಗು ಬಡಾವಣೆಗಳಿಗೆ ನೀರು ನುಗ್ಗಿದಾಗ ಎಷ್ಟು ಮನೆಗಳ ಗೋಡೆಯಲ್ಲಿ ಕೆಸರಿನ ಗೆರೆ ಉಳಿದಿತ್ತು ಎಂಬುದನ್ನು ನೋಡಿದವರು ಬಲ್ಲರು. ಅದನ್ನು ಸುಣ್ಣ ಬಳಿದು ಅಳಿಸುವ ಮೊದಲು ಒಂದು ಫೋಟೋ ತೆಗೆದಿಡುವುದು ಒಳ್ಳೆಯದು.

ಚೇಂಬರಿನ ನೀರಿನ ಬಗ್ಗೆ ಒಂದು ಮಾತು ಸೇರಿಸಬೇಕು. ಒಳಚರಂಡಿಯ ದೊಡ್ಡ ಕಾಮಗಾರಿಗಳನ್ನು ಸಾಮಾನ್ಯವಾಗಿ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಮಾಡುತ್ತದೆ, ನಿರ್ವಹಣೆಯನ್ನು ಆಮೇಲೆ ಸ್ಥಳೀಯ ಸಂಸ್ಥೆ ವಹಿಸಿಕೊಳ್ಳುತ್ತದೆ. ಸ್ಮಾರ್ಟ್ ಸಿಟಿ ಯೋಜನೆ ಬಂದ ಊರುಗಳಲ್ಲಿ ರಸ್ತೆಬದಿಯ ಚರಂಡಿಯನ್ನು ಕಟ್ಟಿದ್ದು ಮೂರನೆಯದೊಂದು ಕಂಪನಿ ಆಗಿರಬಹುದು. ನಿಮ್ಮ ಬೀದಿಯ ಕಾಮಗಾರಿ ಯಾರದು, ಹಸ್ತಾಂತರವಾಗಿದೆಯೇ ಎಂಬ ಪ್ರಶ್ನೆಯನ್ನೇ ಅರ್ಜಿಯ ಮೊದಲ ಸಾಲಾಗಿ ಬರೆಯಿರಿ. ಸಂಸ್ಕರಿಸದ ಕೊಳಚೆ ಹೊಳೆಗೆ ಸೇರುತ್ತಿದ್ದರೆ 1974ರ ಜಲ ಕಾಯ್ದೆಯ ಪ್ರಕಾರ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಸ್ಥಳೀಯ ಸಂಸ್ಥೆಗೇ ನೋಟಿಸ್ ಕೊಡಬಲ್ಲದು. ಆದ್ದರಿಂದ ಅರ್ಜಿಯ ಒಂದು ಪ್ರತಿಯನ್ನು ಮಂಡಳಿಯ ಪ್ರಾದೇಶಿಕ ಕಚೇರಿಗೂ ಕಳುಹಿಸಿ. ನಮ್ಮ ಊರಿನಿಂದ ಹೊರಟ ನೀರನ್ನೇ ಭದ್ರೆಯ ಜೊತೆಗೆ ಕೂಡಲಿಯ ಸಂಗಮದಲ್ಲಿ ಜನ ತಲೆಯ ಮೇಲೆ ಸುರಿದುಕೊಳ್ಳುತ್ತಾರೆ.

ಪ್ರಶ್ನೆ: ಶಿವಮೊಗ್ಗದಲ್ಲಿ 2018ರಲ್ಲಿ ಆಯ್ಕೆಯಾದ ಕೌನ್ಸಿಲ್‌ನ ಅವಧಿ 2023ರಲ್ಲಿಯೇ ಮುಗಿಯಿತು. ಚುನಾಯಿತ ಸದಸ್ಯರಿಲ್ಲದ ಕಾಲದಲ್ಲಿ ಸ್ಥಾಯಿ ಸಮಿತಿಯ ಕೆಲಸವನ್ನು ಯಾರು ಮಾಡುತ್ತಾರೆ? ವಾರ್ಡ್ ಸಮಿತಿ ಎಂಬುದೂ ಇದೆಯಂತೆ, ಅದೇನು?
ಕಾಲೇಜು ಉಪನ್ಯಾಸಕ, ಶಿವಮೊಗ್ಗ

ಉತ್ತರ: ಅಂಥ ಅವಧಿಯಲ್ಲಿ ಸರ್ಕಾರ ನೇಮಿಸಿದ ಆಡಳಿತಾಧಿಕಾರಿಯೇ ಕೌನ್ಸಿಲ್ ಮತ್ತು ಸಮಿತಿಗಳ ಅಧಿಕಾರವನ್ನು ಚಲಾಯಿಸುತ್ತಾರೆ. ಕಡತ ಬೇಗ ಸಾಗುತ್ತದೆ ಎಂದು ಕೆಲವರು ಇದನ್ನು ಮೆಚ್ಚುವುದುಂಟು. ನನಗೆ ಆ ಮೆಚ್ಚುಗೆ ಇಲ್ಲ. ಏಳು ಜನ ಬೇರೆ ಬೇರೆ ವಾರ್ಡುಗಳಿಂದ ಬಂದು ಕುಳಿತ ಸಮಿತಿಯಲ್ಲಿ ಎಂಜಿನಿಯರ್ "ಕೆಲಸ ಮುಗಿದಿದೆ" ಎಂದಾಗ "ಇಲ್ಲ, ನಿನ್ನೆ ಸಂಜೆಯೂ ನೋಡಿದೆ" ಎನ್ನುವವರು ಒಬ್ಬರಾದರೂ ಇರುತ್ತಾರೆ. ಆಡಳಿತಾಧಿಕಾರಿಯ ಮೇಜಿನ ಎದುರು ಆ ಮಾತಾಡುವವರು ಇರುವುದಿಲ್ಲ.

ವಾರ್ಡ್ ಸಮಿತಿಯ ಮೂಲ ಇರುವುದು ಸಂವಿಧಾನದ 74ನೆಯ ತಿದ್ದುಪಡಿಯಲ್ಲಿ. 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕು ಎಂದು ಅದು ಹೇಳುತ್ತದೆ. 2011ರ ಜನಗಣತಿಯಂತೆ ಶಿವಮೊಗ್ಗದ ಜನಸಂಖ್ಯೆ 3,22,650. ಅಂದರೆ ಗಡಿಯನ್ನು ದಾಟಿ ಬಹಳ ಕಾಲವಾಗಿದೆ. ನಮ್ಮ ಪಾಲಿಕೆ ಕಾಯ್ದೆಯಲ್ಲಿ ಪ್ರತಿ ವಾರ್ಡಿಗೆ ಒಂದು ಸಮಿತಿ ಇದ್ದು, ಆ ವಾರ್ಡಿನ ಪಾಲಿಕೆ ಸದಸ್ಯರೇ ಅದರ ಅಧ್ಯಕ್ಷರು, ಜೊತೆಗೆ ನಾಮನಿರ್ದೇಶಿತರಾದ ಹತ್ತು ಮಂದಿ. ಅವರಲ್ಲಿ ಕನಿಷ್ಠ ಮೂವರು ಮಹಿಳೆಯರು, ಇಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು, ಇಬ್ಬರು ನಿವಾಸಿಗಳ ಸಂಘದ ಪ್ರತಿನಿಧಿಗಳು ಇರಬೇಕು. ಬೀದಿದೀಪ ಕೆಟ್ಟದ್ದು, ಕಸದ ಗಾಡಿ ಬಾರದ್ದು, ಚೇಂಬರಿನ ಮುಚ್ಚಳ ಒಡೆದದ್ದು, ಇವೆಲ್ಲ ವಾರ್ಡ್ ಸಮಿತಿಯಲ್ಲಿಯೇ ತೀರಬೇಕಾದವು. ಇವನ್ನು ಸ್ಥಾಯಿ ಸಮಿತಿಗೆ ಒಯ್ಯುವುದು ನೆಗಡಿಗೆ ಮಣಿಪಾಲಕ್ಕೆ ಹೋದಂತೆ. ನಿಮ್ಮ ಬಡಾವಣೆಯ ಸಂಘ ನೋಂದಣಿಯಾಗಿದ್ದರೆ, ನಾಮನಿರ್ದೇಶನಕ್ಕೆ ಅರ್ಜಿ ಕರೆದಾಗ ಎರಡು ಹೆಸರುಗಳನ್ನು ತಯಾರಾಗಿ ಇಟ್ಟುಕೊಂಡಿರಿ.

ಪ್ರಶ್ನೆ: ನಾನು ಪೇಟೆ ಬೀದಿಯೊಂದರಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದೇನೆ. ಪಕ್ಕದ ಹೋಟೆಲಿನವರು ಗ್ಯಾಸ್ ಸಿಲಿಂಡರುಗಳನ್ನು ಮೆಟ್ಟಿಲ ಕೆಳಗೆ ಒಟ್ಟುತ್ತಾರೆ. ಬೀದಿ ಎಷ್ಟು ಕಿರಿದೆಂದರೆ ಸಂಜೆ ವೇಳೆ ಆಟೋ ನುಗ್ಗುವುದೂ ಕಷ್ಟ. ಬೆಂಕಿಯ ವಿಷಯ ಪಾಲಿಕೆಯ ಸಮಿತಿಗೆ ಸೇರಿದ್ದೇ?
ವ್ಯಾಪಾರಿ

ಉತ್ತರ: ಸಂವಿಧಾನದ 12ನೆಯ ಅನುಸೂಚಿಯಲ್ಲಿ ನಗರಸಂಸ್ಥೆಗಳಿಗೆ ವಹಿಸಬಹುದಾದ 18 ವಿಷಯಗಳ ಪಟ್ಟಿಯಿದ್ದು ಅದರಲ್ಲಿ ಅಗ್ನಿಶಾಮಕ ಸೇವೆಯೂ ಇದೆ. ಆದರೆ ಕರ್ನಾಟಕದಲ್ಲಿ ಅದು ರಾಜ್ಯ ಸರ್ಕಾರದ ಪ್ರತ್ಯೇಕ ಇಲಾಖೆಯಾಗಿಯೇ ಉಳಿದಿದೆ. ಬೆಂಕಿ ಆರಿಸುವುದು ಆ ಇಲಾಖೆಯ ಕೆಲಸ. ಬೆಂಕಿಗೆ ಎಡೆಯಾಗದಂತೆ ನೋಡಿಕೊಳ್ಳುವ ಕೆಲಸದಲ್ಲಿ ಅರ್ಧಪಾಲು ಪಾಲಿಕೆಯದೇ. ಹೋಟೆಲಿಗೆ ಉದ್ದಿಮೆ ಪರವಾನಗಿ ಕೊಡುವುದು ಪಾಲಿಕೆಯ ಆರೋಗ್ಯ ಶಾಖೆ, ವರ್ಷಾವರ್ಷ ನವೀಕರಿಸುವುದೂ ಅದೇ. ಪರವಾನಗಿ ಪಡೆಯದೆ ಒಂದು ಸ್ಥಳದಲ್ಲಿ ಇಡಬಹುದಾದ ಅಡುಗೆ ಅನಿಲದ ಮಿತಿ ಒಟ್ಟು 100 ಕೆ.ಜಿ. ಹೋಟೆಲುಗಳ ನೀಲಿ ಸಿಲಿಂಡರ್ 19 ಕೆ.ಜಿ.ಯದಾದ್ದರಿಂದ ತುಂಬಿದ ಐದು ಸಿಲಿಂಡರುಗಳಿಗೆ ಲೆಕ್ಕ ಮುಗಿಯುತ್ತದೆ. ಆರನೆಯದು ಬಂದರೆ ಪರವಾನಗಿಯ ಪ್ರಶ್ನೆ ಏಳುತ್ತದೆ. ನೀವು ನೆರೆಯವರ ಮೇಲೆ ಜಗಳಕ್ಕೆ ಹೋಗದೆ, "ಈ ಬೀದಿಯ ಹೋಟೆಲುಗಳ ಉದ್ದಿಮೆ ಪರವಾನಗಿ ಮತ್ತು ಸಿಲಿಂಡರ್ ಸಂಗ್ರಹವನ್ನು ಅಗ್ನಿಶಾಮಕ ಅಧಿಕಾರಿಗಳ ಜೊತೆಗೆ ಜಂಟಿಯಾಗಿ ತಪಾಸಣೆ ಮಾಡಬೇಕು" ಎಂದು ವರ್ತಕರ ಪರವಾಗಿ ಆರೋಗ್ಯ ಸಮಿತಿಗೆ ಬರೆಯಿರಿ. ಬೀದಿಯ ಅಗಲದ ವಿಷಯ ಬೇರೆ: ಅಂಗಡಿಗಳ ಮುಂದಿನ ಶೀಟು, ಮೆಟ್ಟಿಲು, ಸ್ಟಾಂಡು ತೆಗೆಸುವುದು ಪಾಲಿಕೆಯ ನೇರ ಅಧಿಕಾರದಲ್ಲಿದೆ. ಆ ಪಟ್ಟಿಯಲ್ಲಿ ನಿಮ್ಮ ಅಂಗಡಿಯ ಶೀಟೂ ಬರಬಹುದು, ಅದಕ್ಕೆ ಸಿದ್ಧರಾಗಿಯೇ ಅರ್ಜಿ ಕೊಡಿ.

ಊರಿನ ಸುರಕ್ಷತೆಗೆ ಸಂಬಂಧಿಸಿದ ಎಲ್ಲವೂ ಪಾಲಿಕೆಯ ಕೈಯಲ್ಲಿಲ್ಲ ಎಂಬುದಕ್ಕೆ 2021ರ ಜನವರಿ 21ರ ರಾತ್ರಿಗಿಂತ ಕಹಿಯಾದ ಉದಾಹರಣೆ ನಮಗೆ ಬೇಡ. ಹುಣಸೋಡಿನ ಕಲ್ಲು ಕ್ವಾರಿಯ ಬಳಿ ಸ್ಫೋಟಕ ತುಂಬಿದ್ದ ಲಾರಿ ಸಿಡಿದಾಗ ನಗರದ ಮನೆಗಳ ಕಿಟಕಿಗಳು ಅದುರಿದವು, ಜನ ಭೂಕಂಪವೆಂದು ಬೀದಿಗೆ ಬಂದರು. ಆದರೆ ಆ ಜಾಗ ನಗರದ ಎಲ್ಲೆಯ ಹೊರಗಿನದು. ಕ್ವಾರಿಯ ಪರವಾನಗಿ ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ ಸೇರಿದ್ದು, ಸ್ಫೋಟಕದ್ದು ಕೇಂದ್ರದ ಸ್ಫೋಟಕ ಸುರಕ್ಷತಾ ಸಂಸ್ಥೆಗೂ ಜಿಲ್ಲಾಡಳಿತಕ್ಕೂ ಸೇರಿದ್ದು. ಅಂಥ ವಿಷಯದಲ್ಲಿ ನಗರದ ಸಮಿತಿ ಮಾಡಬಹುದಾದದ್ದು ನಿರ್ಣಯ ಅಂಗೀಕರಿಸಿ ಜಿಲ್ಲಾಧಿಕಾರಿಗಳಿಗೆ ಕಳುಹಿಸುವುದಷ್ಟೇ.

ಪ್ರಶ್ನೆ: ಶಾಲೆಯ ಗೇಟಿನ ಬಳಿಯೇ ಹತ್ತಾರು ಬೀದಿನಾಯಿಗಳಿವೆ. ಹಿಡಿದುಕೊಂಡು ಹೋದವರು ಕೆಲವು ದಿನಗಳಲ್ಲಿ ಅಲ್ಲಿಯೇ ತಂದು ಬಿಡುತ್ತಾರೆ. ಸಮಿತಿಯವರು ಇದನ್ನು ತಡೆಯಬಾರದೇ?
ಪೋಷಕರೊಬ್ಬರು, ಭದ್ರಾವತಿ

ಉತ್ತರ: 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಸಂತಾನಹರಣ ಶಸ್ತ್ರಚಿಕಿತ್ಸೆ ಮತ್ತು ರೇಬೀಸ್ ಲಸಿಕೆಯ ನಂತರ ನಾಯಿಯನ್ನು ಹಿಡಿದ ಜಾಗದಲ್ಲಿಯೇ ಬಿಡಬೇಕು, ಹಾಗೆ ಬಿಟ್ಟವರದು ತಪ್ಪಲ್ಲ. ಆದರೆ 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಶಾಲೆ, ಆಸ್ಪತ್ರೆ, ಕ್ರೀಡಾಂಗಣ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದ ನಾಯಿಗಳನ್ನು ಆಶ್ರಯತಾಣಕ್ಕೆ ಸಾಗಿಸಬೇಕು, ಮರಳಿ ಅಲ್ಲಿಗೆ ಬಿಡಬಾರದು ಎಂದು ಆದೇಶಿಸಿತು. ಆದ್ದರಿಂದ ಶಾಲೆಯ ಮುಖ್ಯೋಪಾಧ್ಯಾಯರ ಸಹಿಯಲ್ಲಿ ಆ ಆದೇಶವನ್ನು ಉಲ್ಲೇಖಿಸಿ ಪೌರಾಯುಕ್ತರಿಗೆ ಪತ್ರ ಹೋಗಲಿ. ಭದ್ರಾವತಿ, ಸಾಗರ ನಗರಸಭೆಗಳು. ಅವು ನಡೆಯುವುದು 1964ರ ಪೌರಸಭೆಗಳ ಕಾಯ್ದೆಯಂತೆ, ಅಲ್ಲಿ ಪಾಲಿಕೆಯ ಹಾಗೆ ನಾಲ್ಕು ಸ್ಥಾಯಿ ಸಮಿತಿಗಳನ್ನು ಹುಡುಕಬೇಡಿ. ಗೇಟಿನ ಎದುರಿನ ಕೋಳಿ ಅಂಗಡಿಯ ತ್ಯಾಜ್ಯ ಎಲ್ಲಿ ಬೀಳುತ್ತದೆ ಎಂಬುದನ್ನೂ ಅದೇ ಪತ್ರದಲ್ಲಿ ಕೇಳಿ. ಅನ್ನ ಇರುವ ಕಡೆ ನಾಯಿ ಇರುತ್ತದೆ.

ಪ್ರಶ್ನೆ: ರಸ್ತೆ ಬದಿಯ ಹಳೆಯ ಮರ ಮನೆಯ ಕಡೆಗೆ ವಾಲಿದೆ. ಪಟ್ಟಣ ಪಂಚಾಯಿತಿಗೆ ಅರ್ಜಿ ಕೊಟ್ಟರೆ ಸಾಕೇ?
ಓದುಗರು, ತೀರ್ಥಹಳ್ಳಿ

ಉತ್ತರ: ಸಾಲದು. 1976ರ ಮರ ಸಂರಕ್ಷಣಾ ಕಾಯ್ದೆಯಡಿ ಕಡಿಯಲು ಅನುಮತಿ ಕೊಡಬೇಕಾದವರು ಅರಣ್ಯ ಇಲಾಖೆಯ ಮರ ಅಧಿಕಾರಿ. ಕೊಂಬೆ ವಿದ್ಯುತ್ ತಂತಿಗೆ ತಾಗುತ್ತಿದ್ದರೆ ವಿದ್ಯುತ್ ಸರಬರಾಜು ಕಂಪನಿಯಾದ ಮೆಸ್ಕಾಂಗೆ ಹೇಳಿ, ಅವರು ಸವರುತ್ತಾರೆ.

ಪ್ರಶ್ನೆ: ನಮ್ಮ ವಿಷಯ ಸಮಿತಿಯಲ್ಲಿ ಚರ್ಚೆಯಾಯಿತಂತೆ. ಏನು ತೀರ್ಮಾನವಾಯಿತು ಎಂದು ಯಾರೂ ಸರಿಯಾಗಿ ಹೇಳುತ್ತಿಲ್ಲ. ತಿಳಿಯುವ ದಾರಿ ಯಾವುದು?
ಹಿರಿಯ ನಾಗರಿಕರು

ಉತ್ತರ: ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಕೊಡಿ, 30 ದಿನಗಳಲ್ಲಿ ಉತ್ತರ ಬರಬೇಕು. "ನಮ್ಮ ಚರಂಡಿಯ ವಿಷಯ ಏನಾಯಿತು?" ಎಂದು ಕೇಳಬೇಡಿ, ಅದಕ್ಕೆ "ಪರಿಶೀಲನೆಯಲ್ಲಿದೆ" ಎಂಬ ಹಿಂಬರಹ (ಕಚೇರಿಯ ಲಿಖಿತ ಉತ್ತರ) ಸಿಗುತ್ತದೆ. ಸಮಿತಿಯ ಹೆಸರು ಮತ್ತು ಸಭೆಯ ದಿನಾಂಕ ಬರೆದು, ಕಾರ್ಯಸೂಚಿ, ನಡಾವಳಿ ಮತ್ತು ಅನುಪಾಲನಾ ವರದಿ ಈ ಮೂರರ ದೃಢೀಕೃತ ನಕಲು ಕೇಳಿ. ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದರೆ ಯಾವ ಹಂತದಲ್ಲಿ ವಿಷಯ ಕುಳಿತುಬಿಟ್ಟಿದೆ ಎಂಬುದು ಗೊತ್ತಾಗುತ್ತದೆ. "ಕ್ರಮ ವಹಿಸಲಾಗುತ್ತಿದೆ" ಎಂಬ ಸಾಲು ಎರಡು ಸಭೆಗಳ ವರದಿಯಲ್ಲಿ ಅಕ್ಷರವೂ ಬದಲಾಗದೆ ಬಂದಿದ್ದರೆ, ಮೂರನೆಯ ಸಭೆಯ ಮುಂಚೆ ವಾರ್ಡಿನ ಎಂಜಿನಿಯರನ್ನು ಕಂಡು ಅಂದಾಜು ಪಟ್ಟಿ ತಯಾರಾಗಿದೆಯೇ, ಅದರ ಸಂಖ್ಯೆ ಏನು ಎಂದು ಕೇಳಿ ಬರೆದುಕೊಂಡು ಬನ್ನಿ.